ಮೀನು ಕೈಗೆ ಬಂದ ಮೇಲಿನ ಆ ಒಂದು ನಿಮಿಷ

ಓದುಗರೊಬ್ಬರ ಪತ್ರ ಹೋದ ವಾರ ಬಂತು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಹಾಸನ ಕಡೆಯವರು, ಕೆಲಸದ ಮೇಲೆ ಮಂಗಳೂರಿಗೆ ಬಂದು ಎರಡು ವರ್ಷವಾಗಿದೆ. ಪತ್ರ ಉದ್ದವಿದೆ. ಅದರ ಮುಖ್ಯ ಭಾಗ ಇಷ್ಟು:

"ಕಡಲಿನ ಗಾಳ ನನಗೆ ಹೊಸದು. ಒಂದು ರಾಡ್ ತರಿಸಿಕೊಂಡು ಆರು ಭಾನುವಾರ ಬೆಂಗ್ರೆ ಕಡೆಯ ಅಳಿವೆ ಬಾಗಿಲಿಗೆ ಹೋದೆ. ಐದು ವಾರ ಬರಿಗೈ. ಸೀಸದ ಗುಂಡು ಕಲ್ಲಿನ ಸಂದಿಗೆ ಸಿಕ್ಕಿ ದಾರ ಕಡಿದದ್ದೇ ಜಾಸ್ತಿ. ಆರನೇ ವಾರ ಒಂದು ತೇಡೆ (ಮೀಸೆ ಇರುವ ಕಡಲ ಮೀನು) ಸಿಕ್ಕಿತು. ಗಾಳವನ್ನು ಪೂರ್ತಿ ನುಂಗಿಬಿಟ್ಟಿತ್ತು. ಎಳೆದೆ, ರಕ್ತ ಬಂತು. ಹೆದರಿ ನೀರಿಗೆ ಬಿಟ್ಟೆ. ಅದು ಹೊಟ್ಟೆ ಮೇಲಾಗಿ ತೇಲುತ್ತ ಹೋಯಿತು. ಸ್ವಲ್ಪ ಹೊತ್ತಿಗೆ ಒಂದು ಮುರು ಮೀನು ಬಂತು, ಒಂದೂವರೆ ಕೆಜಿ ಇರಬಹುದು. ತುಂಬಾ ಖುಷಿಯಾಯಿತು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸ್ಕೂಟರಿಗೆ ತಗಲಿಸಿದೆ. ಮನೆ ಮುಟ್ಟುವವರೆಗೂ ಚೀಲ ಬಡಿದುಕೊಳ್ಳುತ್ತಲೇ ಇತ್ತು. ಸಿಂಕಿಗೆ ಹಾಕಿದಾಗಲೂ ಬಾಯಿ ತೆರೆದು ಮುಚ್ಚುತ್ತಿತ್ತು. ಎಂಟು ವರ್ಷದ ಮಗಳು ನೋಡಿ, 'ಅಪ್ಪಾ, ಇದು ಇನ್ನೂ ಎಷ್ಟೊತ್ತು ಹೀಗೆ?' ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಂಡತಿ ಸಾರು ಮಾಡಿದಳು, ನನಗೆ ತಿನ್ನಲಾಗಲಿಲ್ಲ. ದಡದಲ್ಲಿ ಪರಿಚಯವಾದವರಿಗೆ ಹೇಳಿದರೆ ನಕ್ಕುಬಿಟ್ಟರು. ಗಾಳ ಬಿಟ್ಟುಬಿಡಲಾ? ಇಲ್ಲ, ಹಿಡಿದದ್ದನ್ನೆಲ್ಲ ವಾಪಸ್ ಬಿಡಲಾ? ಮಳೆಗಾಲದಲ್ಲಿ ಮೀನು ಚೆನ್ನಾಗಿ ಸಿಗುತ್ತದೆ ಅಂತಾರೆ, ಹೋಗಬಹುದಾ? ಮಗಳಿಗೆ ಏನು ಹೇಳಲಿ?"

ನಿಮಗೆ ನೇರವಾಗಿ ಹೇಳುತ್ತೇನೆ. ಗಾಳ ಬಿಡಬೇಕಿಲ್ಲ. ಆದರೆ ಆ ಮುರು ಮೀನಿಗೆ ಆದದ್ದು ಸರಿಯಲ್ಲ. ಅದು ನಿಮಗೂ ಗೊತ್ತಾಗಿದೆ, ಅದಕ್ಕೇ ಪತ್ರ ಬರೆದಿದ್ದೀರಿ. ಮಗಳಿಗೆ ಹೀಗೆ ಹೇಳಿ: "ಇನ್ನು ಮುಂದೆ ಒಂದು ನಿಮಿಷ, ಅದಕ್ಕಿಂತ ಜಾಸ್ತಿ ಇಲ್ಲ." ಆ ನಿಮಿಷದಲ್ಲಿ ಏನು ಮಾಡಬೇಕು ಅನ್ನೋದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ.

ನಾನು ಹುಟ್ಟಿದ್ದು ಕುಂದಾಪುರದ ಕಡೆ, ಹೊಳೆ ಕಡಲಿಗೆ ಸೇರುವ ಜಾಗದ ಹತ್ತಿರ. ಗಾಳ ಹಾಕುವುದನ್ನು ಕಲಿಸಿದ್ದು ನನ್ನ ಸೋದರಮಾವ. ಅವರ ಬುಟ್ಟಿಯಲ್ಲಿ ಸೀಗಡಿ ಎರೆ, ಚೂರಿ, ಎರಡು ಗಾಳದ ಜೊತೆ ಒಂದು ಗಿಡ್ಡ ಮರದ ಕೋಲು ಇರುತ್ತಿತ್ತು. ಮೊಳಕೈ ಉದ್ದವೂ ಇಲ್ಲ. ಮೀನು ಮೇಲೆ ಬಂದದ್ದೇ ತಡ, ಅದರ ತಲೆಗೆ ಒಂದು ಏಟು. ಆಮೇಲೇ ಗಾಳ ಬಿಡಿಸುವುದು. ಒಮ್ಮೆ ಕೇಳಿದೆ, ಹೇಗೂ ಸಾಯುತ್ತಲ್ಲ, ಯಾಕೆ ಹೊಡೀಬೇಕು ಅಂತ. "ಒದ್ದಾಡೂಕ್ ಬಿಡೂಕಾಗ ಮಾಣಿ" ಅಂದರು. ಅಷ್ಟೇ. ಅವರು ಯಾವ ಪುಸ್ತಕ ಓದಿಯೂ ಕಲಿತವರಲ್ಲ.

ಆ ಪಾಠ ನನಗೆ ಆಗಲೇ ಹತ್ತಿತ್ತು ಅಂತಲ್ಲ. ಕಾಲೇಜಿಗೆ ಹೋಗುವಾಗ ಒಂದು ಸಂಜೆ ದೊಡ್ಡ ತೇಡೆ ಹಿಡಿದೆ. ಬಕೆಟಿಗೆ ನಾಲ್ಕು ಬೆರಳು ನೀರು ಹಾಕಿ ಅದರಲ್ಲಿ ಬಿಟ್ಟು, ಗೆಳೆಯರ ಜೊತೆ ಮಾತಿಗೆ ಕೂತೆ. ಒಂದು ಗಂಟೆ ಬಿಟ್ಟು ನೋಡಿದರೆ ಅದು ಜೀವಂತ ಇತ್ತು. ನೀರಿನ ಮೇಲೆ ಬಾಯಿ ಇಟ್ಟುಕೊಂಡು ಒದ್ದಾಡುತ್ತಿತ್ತು. ನೀರು ಬಿಸಿಲಿಗೆ ಬೆಚ್ಚಗಾಗಿತ್ತು. ಬೆಚ್ಚಗಿನ ನೀರಲ್ಲಿ ಆಮ್ಲಜನಕ ಕಡಿಮೆ, ಇದ್ದ ಸ್ವಲ್ಪವನ್ನೂ ಅದು ಮುಗಿಸಿತ್ತು. ನೀರಲ್ಲಿ ಇಟ್ಟಿದ್ದೀನಲ್ಲ, ಆರಾಮಾಗಿರುತ್ತೆ ಅಂದುಕೊಂಡಿದ್ದೆ. ನಿಮ್ಮ ಮಗಳ ಪ್ರಶ್ನೆ ಓದಿದಾಗ ನನಗೆ ಆ ಬಕೆಟ್ ನೆನಪಾಯಿತು.

ನೀರಿನಿಂದ ಹೊರಗೆ ಬಂದ ಮೀನಿಗೆ ಆಗೋದು ಏನು? ಅದರ ಕಿವಿರಿನ ಎಳೆಗಳು ನೀರಿನ ಆಸರೆಯಲ್ಲಿ ಬಿಡಿಬಿಡಿಯಾಗಿ ನಿಂತಿರುತ್ತವೆ. ಗಾಳಿಯಲ್ಲಿ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸುತ್ತ ಗಾಳಿ ಇದ್ದರೂ ಉಸಿರು ಸಿಗುವುದಿಲ್ಲ. ಎಲ್ಲ ಮೀನೂ ಒಂದೇ ಹೊತ್ತಿಗೆ ಸಾಯುವುದಿಲ್ಲ. ಬಂಗುಡೆ ಸದಾ ಈಜುತ್ತಿರಬೇಕಾದ ಮೀನು, ಹೊರಗೆ ಬಂದರೆ ಬೇಗ ಹೋಗುತ್ತದೆ. ಮುರು, ತೇಡೆ ಗಟ್ಟಿ ಜೀವದವು. ನಿಮ್ಮ ಚೀಲ ದಾರಿಯುದ್ದಕ್ಕೂ ಬಡಿದುಕೊಂಡದ್ದು ಅದಕ್ಕೇ. ಜೀವ ಇರುವಾಗಲೇ ಐಸಿಗೆ ಹಾಕಿದರೆ ಸುಮ್ಮನಾಗುತ್ತದೆ ನಿಜ. ಆದರೆ ಮೈ ತಣ್ಣಗಾಗಿ ಅಲ್ಲಾಡಲಾಗದೆ ಇರುವುದಕ್ಕೂ ಎಚ್ಚರ ತಪ್ಪುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಐಸು ಆಮೇಲೆ ಬರಲಿ.

ಈಗ ಕೆಲಸದ ಮಾತು. ಗಾಳ ನೀರಿಗೆ ಎಸೆಯುವ ಮೊದಲೇ ಎಲ್ಲ ಕೈಗೆಟುಕುವಂತೆ ಇಟ್ಟುಕೊಳ್ಳಿ. ಒಂದು ಗಿಡ್ಡ ಗಟ್ಟಿ ಕೋಲು, ಹರಿತವಾದ ಚೂರಿ, ಉದ್ದ ಮೂತಿಯ ಇಕ್ಕಳ, ಒಂದು ಹಳೇ ಬಟ್ಟೆ, ಮುಚ್ಚಳ ಇರುವ ಐಸ್ ಡಬ್ಬ. ಮೀನು ಬಂದ ಮೇಲೆ ಹುಡುಕಲು ಹೊರಟರೆ ಆ ನಿಮಿಷ ಅಲ್ಲೇ ಮುಗಿಯುತ್ತದೆ. ಮೀನು ಬಂದಾಗ ಬಟ್ಟೆಯನ್ನು ಕಡಲ ನೀರಲ್ಲಿ ಒದ್ದೆ ಮಾಡಿ ಮೈ ಮೇಲೆ ಹಾಕಿ ಒತ್ತಿ ಹಿಡಿಯಿರಿ. ಬಟ್ಟೆ ಅದರ ಕಣ್ಣು ಮುಚ್ಚಿದರೆ ಮೀನು ಸ್ವಲ್ಪ ಸುಮ್ಮನಾಗುತ್ತದೆ. ತಲೆಯ ಮೇಲ್ಭಾಗದಲ್ಲಿ, ಎರಡು ಕಣ್ಣಿನ ಸ್ವಲ್ಪ ಹಿಂದೆ ಮಿದುಳು ಇರುತ್ತದೆ. ಅಲ್ಲಿಗೆ ಗಟ್ಟಿಯಾಗಿ ಹೊಡೆಯಿರಿ. ಇಲ್ಲಿ ಹೊಸಬರು ತಪ್ಪುವುದು ಕನಿಕರದಿಂದಲೇ. ಮೆಲ್ಲಗೆ ಹೊಡೆಯುತ್ತಾರೆ, ಆಮೇಲೆ ಮತ್ತೆ ಹೊಡೆಯಬೇಕಾಗುತ್ತದೆ. ಮೊದಲ ಏಟೇ ಪೂರ್ತಿ ಬಲದ್ದಾಗಿರಲಿ, ತಡಮಾಡದೆ ಇನ್ನೊಂದು ಕೊಡಿ.

ಸರಿಯಾಗಿ ಬಿದ್ದರೆ ನಿಮಗೇ ತಿಳಿಯುತ್ತದೆ. ಮೈ ಒಮ್ಮೆ ಸೆಟೆದು ನಡುಗುತ್ತದೆ. ಕಿವಿರಿನ ಮುಚ್ಚಳ ಆಡುವುದು ನಿಲ್ಲುತ್ತದೆ. ಎಚ್ಚರ ಇರುವ ಮೀನನ್ನು ಮಗ್ಗುಲಿಗೆ ತಿರುಗಿಸಿದರೆ ಅದರ ಕಣ್ಣು ನೆಟ್ಟಗೆ ಉಳಿಯಲು ಹೊರಳುತ್ತದೆ. ಎಚ್ಚರ ತಪ್ಪಿದ್ದರೆ ಕಣ್ಣು ತಲೆಯ ಜೊತೆಗೇ ತಿರುಗುತ್ತದೆ. ಇದನ್ನು ನೋಡಿಯೇ ಚೂರಿ ಎತ್ತಿ. ಆಮೇಲೆ ಕಿವಿರನ್ನು ಬುಡದಲ್ಲಿ ಕುಯ್ದು ಕೆಲವು ನಿಮಿಷ ಕಡಲ ನೀರಲ್ಲಿ ಇಟ್ಟರೆ ರಕ್ತ ಹರಿದುಹೋಗುತ್ತದೆ. ಬಂಗುಡೆಯಂಥ ಚಿಕ್ಕ ಮೀನಾದರೆ ಹೆಬ್ಬೆರಳನ್ನು ಬಾಯೊಳಗೆ ಇಟ್ಟು ತಲೆಯನ್ನು ಒಮ್ಮೆಲೇ ಹಿಂದಕ್ಕೆ ಮುರಿಯುವ ರೂಢಿಯೂ ಇದೆ. ಹಲ್ಲಿನ ಮೀನಿಗೆ ಇದನ್ನು ಮಾಡಲು ಹೋಗಬೇಡಿ.

ಹೀಗೆ ಮಾಡಿದರೆ ನಿಮ್ಮ ಸಾರೂ ರುಚಿಯಾಗುತ್ತದೆ. ಒದ್ದಾಡಿ ಸತ್ತ ಮೀನು ಮಾಂಸಖಂಡದ ಶಕ್ತಿಯನ್ನೆಲ್ಲ ಆಗಲೇ ಸುಟ್ಟುಕೊಂಡಿರುತ್ತದೆ. ಅದು ಬೇಗ ಸೆಟೆದುಕೊಳ್ಳುತ್ತದೆ, ಬೇಗ ಮೆತ್ತಗಾಗುತ್ತದೆ. ಜಪಾನಿನವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. ಅಲ್ಲಿಯ ಇಕೆಜಿಮೆ ಅನ್ನುವ ಪದ್ಧತಿಯಲ್ಲಿ ಚೂಪಾದ ಸಲಾಕೆಯಿಂದ ಮಿದುಳಿಗೆ ಚುಚ್ಚಿ, ರಕ್ತ ಇಳಿಸುತ್ತಾರೆ. ಎಷ್ಟೋ ಸಲ ಬೆನ್ನುಹುರಿಯ ನಾಳದಲ್ಲಿ ತೆಳುವಾದ ತಂತಿಯನ್ನೂ ಓಡಿಸುತ್ತಾರೆ. ಹಾಗೆ ಕೊಂದ ಮೀನಿಗೆ ಅಲ್ಲಿ ಬೆಲೆ ಜಾಸ್ತಿ. ನೀವು ಈಗಲೇ ಅದಕ್ಕೆ ಕೈ ಹಾಕಬೇಡಿ. ಮಿದುಳಿನ ಜಾಗ ಮೀನಿಂದ ಮೀನಿಗೆ ಬೇರೆ, ತಪ್ಪಿದರೆ ಹಿಂಸೆ ಇನ್ನೂ ಹೆಚ್ಚುತ್ತದೆ. ಸತ್ತ ಮೀನಿನ ತಲೆಯನ್ನು ಮನೆಯಲ್ಲಿ ಸೀಳಿ ನೋಡಿ ಕಲಿಯಿರಿ, ಆಮೇಲೆ ಯೋಚಿಸೋಣ.

ಐಸನ್ನು ಮಾತ್ರ ಕಂಜೂಸಿ ಮಾಡಬೇಡಿ. ನಮ್ಮ ಸೆಖೆಗೆ ಮೀನಿನಷ್ಟೇ ತೂಕದ ಐಸು ಬೇಕು. ಬಂಗುಡೆ, ಟ್ಯೂನಾ ಜಾತಿಯ ಮೀನು ಬಿಸಿಲಲ್ಲಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಅನ್ನುವ ವಿಷ ಸೇರಿಕೊಳ್ಳುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಸ್ಕೂಟರಿಗೆ ತಗಲಿಸುವುದು ಮೀನಿಗೂ ಒಳ್ಳೆಯದಲ್ಲ, ನಿಮ್ಮ ಮನೆಯವರಿಗೂ ಅಲ್ಲ.

ಮೀನಿಗೆ ನೋವು ಗೊತ್ತಾಗುತ್ತಾ ಎಂದು ಪತ್ರದ ಇನ್ನೊಂದು ಕಡೆ ಕೇಳಿದ್ದೀರಿ. ಇದರ ಬಗ್ಗೆ ವಿಜ್ಞಾನಿಗಳು ಜಗಳವಾಡಿದ್ದಾರೆ. 2002ರಲ್ಲಿ ಅಮೆರಿಕದ ಜೇಮ್ಸ್ ರೋಸ್, ನಮ್ಮಂಥ ಮಿದುಳಿನ ಹೊರಪದರ ಮೀನಿಗೆ ಇಲ್ಲ, ಹಾಗಾಗಿ ನಮ್ಮಂಥ ನೋವೂ ಇಲ್ಲ ಎಂದು ವಾದಿಸಿದರು. ಮರುವರ್ಷ, 2003ರಲ್ಲಿ, ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಜೊತೆಯವರು ಟ್ರೌಟ್ ಮೀನಿನ ಮುಖದಲ್ಲಿ ಪೆಟ್ಟನ್ನು ಗುರುತಿಸುವ ನರಗಳು ಇರುವುದನ್ನು ತೋರಿಸಿದರು. ಮೀನಿನ ತುಟಿಗೆ ಆಮ್ಲ ಚುಚ್ಚಿದಾಗ ಅದು ತುಟಿಯನ್ನು ತಳದ ಜಲ್ಲಿಗೆ ಉಜ್ಜಿಕೊಂಡಿತು, ಅತ್ತಿತ್ತ ತೂಗಾಡಿತು, ಗಂಟೆಗಟ್ಟಲೆ ಆಹಾರ ಮುಟ್ಟಲಿಲ್ಲ. ಜಗಳ ಪೂರ್ತಿ ನಿಂತಿಲ್ಲ. ನನಗಂತೂ ಆ ಉಜ್ಜಿಕೊಳ್ಳುವ ತುಟಿ ಸಾಕು. ಅನುಮಾನ ಇದ್ದರೆ ಅದರ ಲಾಭ ಮೀನಿಗೆ ಸಿಗಲಿ.

ನಮ್ಮ ಕಾನೂನೂ ಇದರ ಹತ್ತಿರವೇ ಇದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆಯಲ್ಲಿ ಪ್ರಾಣಿ ಅಂದರೆ ಮನುಷ್ಯನನ್ನು ಬಿಟ್ಟು ಯಾವುದೇ ಜೀವಿ. ಮೀನೂ ಅದರಲ್ಲಿ ಬಂತು. ಆಹಾರಕ್ಕಾಗಿ ಕೊಲ್ಲಲು ಅದು ಬಿಡುತ್ತದೆ, ಆದರೆ ಅನಗತ್ಯ ನೋವು ಕೊಡುವಂತಿಲ್ಲ ಅನ್ನುತ್ತದೆ. ಜರ್ಮನಿಯಲ್ಲಿ ಗಾಳ ಹಾಕಲು ಹೆಚ್ಚಿನ ಕಡೆ ಪರೀಕ್ಷೆ ಪಾಸಾಗಬೇಕು. ಮೊದಲು ಹೊಡೆದು ಎಚ್ಚರ ತಪ್ಪಿಸಿ, ಆಮೇಲೆ ಕುಯ್ಯಬೇಕು ಅನ್ನೋದು ಅಲ್ಲಿಯ ಪಾಠದಲ್ಲೇ ಇದೆ. ಇಲ್ಲಿ ನಮಗೆ ಯಾರೂ ಪರೀಕ್ಷೆ ಮಾಡುವುದಿಲ್ಲ. ಮಾವಂದಿರು ಇದ್ದವರು ಕಲಿತರು, ಇಲ್ಲದವರು ನಿಮ್ಮ ಹಾಗೆ ಒಬ್ಬರೇ ಒದ್ದಾಡುತ್ತಾರೆ.

ದಡದಲ್ಲಿ ನಕ್ಕವರ ಮೇಲೆ ಬೇಸರ ಬೇಡ. ಮೀನುಗಾರಿಕೆಯನ್ನೇ ನಂಬಿ ಬದುಕುವವರ ಬಲೆಗೆ ಒಂದೇ ಸಲ ಸಾವಿರಾರು ಬೂತಾಯಿ, ಬಂಗುಡೆ ಬೀಳುತ್ತದೆ. ಒಂದೊಂದರ ತಲೆಗೆ ಕೋಲು ಹಿಡಿದು ಕೂರಲು ಅವರಿಂದ ಆಗದು. ಕಡಲಿನ ಬಗ್ಗೆ ಅವರಿಗಿರುವ ಭಕ್ತಿ ನಮಗಿಂತ ಕಡಿಮೆಯೇನಲ್ಲ. ಹೊಸ ಹಂಗಾಮು ಶುರುವಾಗುವ ಮೊದಲು ಹಾಲು, ತೆಂಗಿನಕಾಯಿ ಕೊಟ್ಟು ಸಮುದ್ರ ಪೂಜೆ ಮಾಡುವವರು ಅವರು. ನಮ್ಮ ಕಥೆ ಬೇರೆ. ನಮಗೆ ಒಂದು ಹೊತ್ತಿಗೆ ಬರುವುದು ಒಂದೇ ಮೀನು. ಹೊಟ್ಟೆಪಾಡಿಗೂ ಅಲ್ಲ, ಖುಷಿಗೆ ಹೋದವರು. ಒಂದು ಮೀನಿಗೆ ಒಂದು ನಿಮಿಷ ಕೊಡಲು ನಮಗೆ ಆಗುವುದಿಲ್ಲ ಅಂದರೆ ಅದಕ್ಕೆ ಯಾವ ನೆಪವೂ ಇಲ್ಲ.

ಇನ್ನು ವಾಪಸ್ ಬಿಡುವ ಮಾತು. ಎಲ್ಲವನ್ನೂ ಬಿಟ್ಟರೆ ಪಾಪ ಕಳೆಯಿತು ಅಂತ ತಿಳಿಯಬೇಡಿ. ಕೆಟ್ಟದಾಗಿ ಬಿಟ್ಟ ಮೀನು ನಮ್ಮ ಕಣ್ಣಿಗೆ ಕಾಣದ ಕಡೆ ಸಾಯುತ್ತದೆ, ಅಷ್ಟೇ. ನಿಮ್ಮ ತೇಡೆಯ ಹಾಗೆ. ನುಂಗಿದ ಗಾಳವನ್ನು ಎಳೆಯಲೇಬಾರದಿತ್ತು. ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಟ್ಟಿದ್ದರೆ ಅದಕ್ಕೆ ಬದುಕುವ ಅವಕಾಶ ಜಾಸ್ತಿ ಇತ್ತು. ರಕ್ತ ಜೋರಾಗಿ ಬರುತ್ತಿದ್ದರೆ ಬಿಡುವುದಕ್ಕಿಂತ ಕೊಂದು ತಿನ್ನುವುದೇ ಮೇಲು. ಮುಂದಿನ ಸಲ ಮೂತಿ ಒಳಕ್ಕೆ ಬಾಗಿರುವ ಸರ್ಕಲ್ ಹುಕ್ ತಗೊಳ್ಳಿ. ಅದು ಹೆಚ್ಚಾಗಿ ಬಾಯಿಯ ಮೂಲೆಗೇ ಸಿಕ್ಕಿಕೊಳ್ಳುತ್ತದೆ. ಅದನ್ನು ಹಾಕಿದಾಗ ರಾಡನ್ನು ಜಗ್ಗಿ ಎಳೆಯಬೇಡಿ, ಸುಮ್ನೆ ದಾರ ಸುತ್ತುತ್ತ ಬನ್ನಿ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದರೆ ಬಿಡಿಸುವುದು ಒಂದು ಕ್ಷಣದ ಕೆಲಸ. ಕೆಲವು ಮೀನು ತಪ್ಪಿಸಿಕೊಳ್ಳುತ್ತವೆ. ತಪ್ಪಿಸಿಕೊಳ್ಳಲಿ ಬಿಡಿ.

ಬಿಡುವ ಮೀನನ್ನು ಒಣ ಕೈಯಲ್ಲಿ ಮುಟ್ಟಬಾರದು. ಮೈ ಮೇಲಿನ ಲೋಳೆಯೇ ಅದಕ್ಕೆ ರಕ್ಷಣೆ. ಬಿಸಿ ಕಲ್ಲಿನ ಮೇಲೆ ಹಾಕಬೇಡಿ, ಕಿವಿರಿಗೆ ಬೆರಳು ತೂರಿಸಬೇಡಿ, ಬಾಯಿ ಹಿಡಿದು ನೇತುಹಾಕಿ ಫೋಟೋ ತೆಗೆಯಬೇಡಿ. ಯಾವುದನ್ನು ಬಿಡಬೇಕು? ಮರಿಗಳನ್ನು ಖಂಡಿತ ಬಿಡಿ. ಕೇರಳದಲ್ಲಿ ಬಂಗುಡೆಗೆ 14 ಸೆಂಟಿಮೀಟರ್, ಬೂತಾಯಿಗೆ 10 ಸೆಂಟಿಮೀಟರ್ ಕನಿಷ್ಠ ಅಳತೆ ಎಂದು ನಿಯಮ ಮಾಡಿದ್ದಾರೆ. ನಾವೂ ಅದನ್ನು ಪಾಲಿಸಬಹುದು. ಮುರು ಮೀನಿನದು ವಿಶೇಷ. ಹೆಚ್ಚಿನ ಮುರು ಜಾತಿಗಳು ಮೊದಲು ಹೆಣ್ಣಾಗಿದ್ದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ಅಂಗೈ ಉದ್ದದ್ದನ್ನು ಹಿಡಿದರೆ ಅದು ಹೆಚ್ಚಾಗಿ ಒಂದು ಸಲವೂ ಮೊಟ್ಟೆ ಇಟ್ಟಿರುವುದಿಲ್ಲ. ಮನೆಗೆ ಬೇಕಾದಷ್ಟು ಸಿಕ್ಕ ಮೇಲೆ ರಾಡ್ ಮಡಚಿಬಿಡಿ. ನನ್ನ ಮಾವ ಮಾಡುತ್ತಿದ್ದದ್ದೂ ಅದನ್ನೇ.

ತೇಡೆಯ ಬೆನ್ನು ಮತ್ತು ಪಕ್ಕದ ಮುಳ್ಳಿನಲ್ಲಿ ವಿಷ ಇದೆ, ತೊರಕೆ ಮೀನಿನ ಬಾಲದ ಮುಳ್ಳಿನಲ್ಲೂ. ಚುಚ್ಚಿದರೆ ತಡೆದುಕೊಳ್ಳಬಹುದಾದಷ್ಟು ಬಿಸಿ ನೀರಲ್ಲಿ ಅರ್ಧ ಗಂಟೆಯಾದರೂ ಅದ್ದಿಡಿ, ಆಮೇಲೆ ಡಾಕ್ಟರಿಗೆ ತೋರಿಸಿ. ಚೆಂಡಿನ ಹಾಗೆ ಉಬ್ಬುವ ಮೀನು ಬಂದರೆ ತಿನ್ನಬೇಡಿ, ಅದರ ವಿಷ ಬೇಯಿಸಿದರೂ ಹೋಗದು. ಒದ್ದೆ ಬಟ್ಟೆಯಲ್ಲಿ ಹಿಡಿದು ಬೇಗ ನೀರಿಗೆ ಬಿಡಿ. ಕಲ್ಲಿಗೆ ಸಿಕ್ಕಿ ಕಡಿದ ನೈಲಾನ್ ದಾರವನ್ನು ಕೈಗೆ ಸಿಕ್ಕಷ್ಟು ಎತ್ತಿಕೊಂಡು ಬನ್ನಿ. ಹಕ್ಕಿ, ಆಮೆಗಳ ಕಾಲಿಗೆ ಸುತ್ತಿಕೊಳ್ಳುವುದು ಅದೇ.

ಮಳೆಗಾಲದ ಬಗ್ಗೆ ಕೇಳಿದ್ದೀರಿ. ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೇ ನಿಷೇಧ ಇರುತ್ತದೆ, ಎಷ್ಟೋ ಮೀನು ಮೊಟ್ಟೆ ಇಡುವ ಕಾಲವೂ ಹೌದು. ಅದಕ್ಕಿಂತ ಮುಖ್ಯ, ಅಳಿವೆ ಬಾಗಿಲಿನ ಆ ಕಲ್ಲುಗೋಡೆ ಪಾಚಿ ಕಟ್ಟಿ ಜಾರುತ್ತದೆ, ಅಲೆ ಹೇಳದೆ ಕೇಳದೆ ಮೇಲೆ ಬರುತ್ತದೆ. ಮನೆಯಲ್ಲಿ ಎಂಟು ವರ್ಷದ ಮಗಳಿದ್ದಾಳೆ. ನೂಲ ಹುಣ್ಣಿಮೆ ಕಳೆಯಲಿ, ಕಡಲು ಇಳಿಯಲಿ. ಅಷ್ಟರಲ್ಲಿ ಒಂದು ಒಳ್ಳೆಯ ಕೋಲು ಕೆತ್ತಿ ಇಟ್ಟುಕೊಳ್ಳಿ, ಮರ ಗಟ್ಟಿಯಿರಲಿ. ಮುಂದಿನ ಮೀನು ಸಿಕ್ಕಾಗ ನನಗೆ ಬರೆಯಿರಿ. ಆ ದಿನದ ಸಾರು ನೀವೂ ಉಂಡಿರಾ ಅನ್ನೋದನ್ನೂ ಬರೆಯಿರಿ.

— ಸಂಪಾದಕ