ಬಟವಾಡೆ ದಿನದ ಜೀಪು, ಸೀಟಿನ ಪಕ್ಕದ ಕೋವಿ

ಶನಿವಾರಸಂತೆಯ ಗೆಳೆಯರೇ, ನೀವು ಇಲ್ಲಿ ಗ್ರೂಪಿನಲ್ಲಿ ಹಾಕಿದ ಫೋಟೋ ನೋಡಿದೆ. ಹೊಸ ಬೊಲೆರೊ ಕ್ಯಾಂಪರ್, ಡ್ರೈವರ್ ಸೀಟಿಗೂ ಬಾಗಿಲಿಗೂ ಮಧ್ಯೆ ಜೋಡಿ ನಳಿಗೆ ಕೋವಿ, ಮೂತಿ ಮೇಲೆ. ಬಟವಾಡೆ ದಿನ, ಅಂದರೆ ತೋಟದವರಿಗೆ ಕೂಲಿ ಕೊಡುವ ದಿನ, ಬ್ಯಾಂಕಿನಿಂದ ದುಡ್ಡು ತರುವಾಗ ಎರಡೂ ನಳಿಗೆಗೆ ದಪ್ಪ ಚರೆಯ ತೋಟಾ, ಅಂದರೆ ಎಲ್‌ಜಿ ಹಾಕಿಟ್ಟಿರುತ್ತೀನಿ, ಸೇಫ್ಟಿ ಹಾಕಿರುತ್ತೆ, ಮಳೆಗಾಲದಲ್ಲಿ ತುಕ್ಕು ಹಿಡಿಯದ ಹಾಗೆ ಏನು ಮಾಡೋದು ಅಂತ ಕೇಳಿದ್ದೀರಿ. ಕೆಳಗೆ ಹದಿನೈದು ಜನ ಎಣ್ಣೆ ಹೆಸರು ಹೇಳಿದ್ದಾರೆ. ಒಬ್ಬರೂ ಕೋವಿ ಖಾಲಿ ಮಾಡಿ ಅಂದಿಲ್ಲ. ತುಕ್ಕಿನ ಮಾತು ಆಮೇಲೆ ಆಡೋಣ.

ನಾನು ಸಕಲೇಶಪುರದ ಕಡೆಯವನು. ನಿಮ್ಮ ಫೋಟೋದಲ್ಲಿರುವುದನ್ನು 2009ರವರೆಗೆ ನಾನೂ ಮಾಡುತ್ತಿದ್ದೆ. ಸೀಟಿನ ಪಕ್ಕದಲ್ಲೇ ಕೋವಿ, ಅದೇ ಎಲ್‌ಜಿ, ಅದೇ ಧೈರ್ಯ. ಗಾಡಿ ಮಾತ್ರ ಹಳೇ ಮಹೀಂದ್ರ ಜೀಪು, ಮೇಲೆ ಕ್ಯಾನ್ವಾಸ್ ಹುಡ್.

ಫೆಬ್ರವರಿ, ರೋಬಸ್ಟಾ ಕುಯ್ಲು ಜೋರಾಗಿತ್ತು. ಶನಿವಾರ. ಒಂದೂವರೆ ಲಕ್ಷ ಡ್ರಾ ಮಾಡಿ, ಕೈಚೀಲದಲ್ಲಿ ಹಾಕಿ, ತೋಟದ ಲೆಕ್ಕ ಬರೆಯುವ ನಮ್ಮ ರೈಟರನ್ನು ಪಕ್ಕ ಕೂರಿಸಿಕೊಂಡು ಬರುತ್ತಿದ್ದೆ. ಕೋವಿ ನಮ್ಮಿಬ್ಬರ ಮಧ್ಯೆ, ಹಿಡಿ ಕೆಳಗೆ, ಮೂತಿ ಮೇಲೆ. ಸೇಫ್ಟಿ ಹಾಕಿತ್ತು, ಇವತ್ತಿಗೂ ಆಣೆ ಮಾಡಿ ಹೇಳುತ್ತೇನೆ. ತೋಟದ ಗೇಟು ದಾಟಿದ ಮೇಲೆ ಒಂದು ಮೋರಿ ಇದೆ, ಅದರ ಅಂಚು ಕುಸಿದಿತ್ತು. ಮುಂದಿನ ಚಕ್ರ ಇಳಿಯಿತು, ಎದ್ದಿತು. ಕೋವಿ ಒಂದು ಗೇಣು ಮೇಲೆ ಹಾರಿ ಹಿಡಿ ನೆಲಕ್ಕೆ ಕುಟ್ಟಿತು. ಈಡು ಹಾರಿತು.

ಸದ್ದು ಕೇಳಿಸಿತು ಅಂತ ಹೇಳಲಾರೆ. ಕಿವಿಯೊಳಗೆ ಏನೋ ಮುಚ್ಚಿಕೊಂಡಿತು ಅಷ್ಟೆ. ಹುಡ್‌ನಲ್ಲಿ ನಿಂಬೆಹಣ್ಣು ತೂರುವಷ್ಟು ತೂತು, ಅದರ ಅಂಚು ಕೆಂಪಗೆ ಕನಲುತ್ತಿತ್ತು. ರೈಟರ್ ತಲೆ ಮೇಲಿನ ಉಣ್ಣೆ ಟೋಪಿ ಹಿಂದಿನ ಸೀಟಿನಲ್ಲಿ ಬಿದ್ದಿತ್ತು. ಆತ ಅದನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ಮತ್ತೆ ಹಾಕಿಕೊಂಡ. ಒಂದು ಮಾತೂ ಆಡಲಿಲ್ಲ. ಆವತ್ತು ಬಟವಾಡೆ ಪುಸ್ತಕದಲ್ಲಿ ಅವನ ಅಕ್ಷರ ನೋಡಬೇಕಿತ್ತು, ಒಂದು ಸಾಲೂ ನೆಟ್ಟಗಿಲ್ಲ. ನನ್ನ ಎಡ ಕಿವಿ ಈಗಲೂ ಅರ್ಧ. ಫೋನು ಬಲಗಡೆಗೇ ಹಿಡಿಯೋದು.

ಸೇಫ್ಟಿ ಹಾಕಿದ್ದರೂ ಹೇಗೆ ಹಾರಿತು ಅಂತ ಕೋವಿ ರಿಪೇರಿಯವನ ಹತ್ತಿರ ಒಯ್ದೆ. ಲಾಕ್, ಅಂದರೆ ಈಡು ಹಾರಿಸುವ ಒಳಗಿನ ಯಂತ್ರ, ಬಿಚ್ಚಿ ತೋರಿಸಿದ. ಇದನ್ನು ಎಲ್ಲರೂ ಒಮ್ಮೆ ಬಿಚ್ಚಿ ನೋಡಬೇಕು, ಸುಮ್ನೆ ಹೇಳಿದರೆ ತಲೆಗೆ ಹೋಗಲ್ಲ. ಬಡಿದು ಈಡು ಹಾರಿಸುವ ಹ್ಯಾಮರ್ ಹೊರಗೆ ಕಾಣದ ಜೋಡಿ ನಳಿಗೆ ಕೋವಿಯಲ್ಲಿ ನಳಿಗೆ ಮಡಚಿದಾಗಲೇ ಒಳಗಿನ ಹ್ಯಾಮರ್ ಎಳೆದುಕೊಂಡು ನಿಲ್ಲುತ್ತದೆ. ಅದನ್ನು ಹಿಡಿದಿರೋದು ಒಂದು ಸಣ್ಣ ಕೊಕ್ಕೆ, ಉಗುರಿನ ತುದಿಯಷ್ಟು ಅಂಚು. ಹೆಬ್ಬೆರಳಲ್ಲಿ ತಳ್ಳುವ ಸೇಫ್ಟಿ ಇದೆಯಲ್ಲ, ಹೆಚ್ಚಿನ ಕೋವಿಗಳಲ್ಲಿ ಅದು ಹಿಡಿಯೋದು ಟ್ರಿಗರನ್ನು ಮಾತ್ರ. ಹ್ಯಾಮರನ್ನಲ್ಲ. ಕೊಕ್ಕೆ ಸವೆದಿದ್ದು, ಕೋವಿ ಜೋರಾಗಿ ಕುಟ್ಟಿದರೆ ಹ್ಯಾಮರ್ ತಾನಾಗಿ ಜಾರುತ್ತದೆ. ಟ್ರಿಗರ್ ಅಲ್ಲಾಡುವುದೇ ಬೇಡ. ದುಬಾರಿ ಇಂಗ್ಲಿಷ್ ಸೈಡ್‌ಲಾಕ್ ಕೋವಿಗಳಲ್ಲಿ ಜಾರಿದ ಹ್ಯಾಮರನ್ನು ತಡೆಯಲು ಎರಡನೇ ಕೊಕ್ಕೆ ಇರುತ್ತದೆ. ನಿಮ್ಮದು ಫೋಟೋದಲ್ಲಿ ನೋಡಿದರೆ ಆರ್ಡ್‌ನೆನ್ಸ್ ಫ್ಯಾಕ್ಟರಿಯ ಬಾಕ್ಸ್‌ಲಾಕ್. ಸಾಮಾನ್ಯವಾಗಿ ಅದರಲ್ಲಿ ಈ ಎರಡನೇ ಕೊಕ್ಕೆ ಇರಲ್ಲ. ಗಟ್ಟಿ ಕೋವಿ, ನನಗೆ ಇಷ್ಟವೇ. ಆದರೆ ಜೀಪಿನ ಕುಲುಕಾಟಕ್ಕೆ ಅಂತ ಮಾಡಿದ್ದಲ್ಲ. ಅಜ್ಜನ ಕಾಲದ ಇಂಗ್ಲಿಷ್ ವೆಬ್ಲಿ ಸ್ಕಾಟ್ ಕೋವಿ ಇದ್ದವರು ಹಿಗ್ಗಬೇಡಿ, ಅದರ ಕೊಕ್ಕೆ ಎಷ್ಟು ಸವೆದಿದೆಯೋ ಅಜ್ಜನಿಗೇ ಗೊತ್ತು.

ಹ್ಯಾಮರ್ ಹೊರಗಿರುವ ಹಳೇ ಕೋವಿ ಸೇಫ್ ಅಂತ ಒಬ್ಬರು ಕಾಮೆಂಟ್ ಹಾಕಿದ್ದಾರೆ. ಅಲ್ಲ ಸ್ವಾಮಿ. ತೀರಾ ಹಳೆಯದರಲ್ಲಿ ಇಳಿಸಿದ ಹ್ಯಾಮರ್ ಪಿನ್ನಿನ ಮೇಲೇ ಕೂತಿರುತ್ತದೆ, ಪಿನ್ನು ತೋಟಾದ ಮೇಲೆ. ಒಂದು ಸ್ಪ್ಯಾನರ್ ಬಿದ್ದರೆ ಸಾಕು. ಮೂತಿಯಿಂದ ಮದ್ದು ತುಂಬುವ ಕೇಪಿನ ಕೋವಿಯಂತೂ ಗಾಡಿಯಲ್ಲಿ ಒಯ್ಯಲೇಬೇಡಿ. ಕೇಪು ತೆಗೆದರೂ ಮದ್ದು, ಚರೆ ನಳಿಗೆಯಲ್ಲೇ ಇರುತ್ತದೆ, ಖಾಲಿ ಮಾಡಬೇಕಾದರೆ ಈಡು ಹಾರಿಸಬೇಕು, ಇಲ್ಲವೇ ತಿರುಪು ಹಾಕಿ ಕೀಳಬೇಕು. ಅದನ್ನು ಗಾಡಿ ಪಕ್ಕ ಕೂತು ಯಾರು ಮಾಡುತ್ತಾರೆ?

ಸರಿ, ಕಳ್ಳ ಬಂದೇ ಬಂದ ಅಂತಿಟ್ಟುಕೊಳ್ಳಿ. ಒಂದು ಕೆಲಸ ಮಾಡಿ. ಕೋವಿ ಖಾಲಿ ಮಾಡಿ, ಎರಡು ಸಲ ನೋಡಿ, ತೋಟಾ ಮನೆಯೊಳಗೆ ಬಿಟ್ಟು ಬಂದು ಡ್ರೈವರ್ ಸೀಟಿನಲ್ಲಿ ಕೂತು, ಬಲಗಡೆ ಕಿಟಕಿಗೆ ಕೋವಿ ತಿರುಗಿಸಿ ನೋಡಿ. 28 ಇಂಚಿನ ನಳಿಗೆ, ಹಿಡಿ ಸೇರಿದರೆ ಹತ್ತಿರ ಹತ್ತಿರ ನಾಲ್ಕಡಿ. ಸ್ಟೇರಿಂಗ್‌ಗೆ ಬಡಿಯುತ್ತೆ, ಕನ್ನಡಿಗೆ ಬಡಿಯುತ್ತೆ, ಪಕ್ಕದವರ ಮುಖದ ಮೇಲೆ ಹಾದು ಹೋಗುತ್ತೆ. ರಸ್ತೆಗೆ ಮರ ಅಡ್ಡ ಹಾಕಿ ಇಬ್ಬರು ಎರಡೂ ಬಾಗಿಲಿಗೆ ಬಂದರೆ ಮೂತಿ ಹಿಡಿದು ಎಳೆಯೋದು ಅವರಿಗೇ ಸುಲಭ. ನಾನು ಇಷ್ಟು ಮಾಡಿ ನೋಡಿದ್ದು ಆ ಘಟನೆ ಆದ ಮೇಲೆ. ಮೊದಲೇ ನೋಡಿದ್ದರೆ ಕಿವಿ ಉಳಿಯುತ್ತಿತ್ತು.

ದುಡ್ಡಿನ ಭಯಕ್ಕೆ ಮದ್ದು ಬೇರೆ. ಬಟವಾಡೆ ದಿನ ಬದಲಿಸಿ. ಇಡೀ ಊರಿಗೆ ಗೊತ್ತಿರೋ ದಿನ, ಗೊತ್ತಿರೋ ರಸ್ತೆಯಲ್ಲಿ ಒಬ್ಬರೇ ಬರಬೇಡಿ. ನಮ್ಮಲ್ಲಿ ಈಗ ಮುಕ್ಕಾಲು ಪಾಲು ಫೋನಿನಲ್ಲೇ ಕಳಿಸೋದು. ಕೆಲಸಕ್ಕೆ ಬಂದ ಅಸ್ಸಾಮಿನ ಹುಡುಗರು ಕ್ಯಾಶ್ ಕೊಟ್ಟರೆ ಮುಖ ಸಿಂಡರಿಸುತ್ತಾರೆ, ಊರಿಗೆ ಕಳಿಸಲು ಅವರಿಗೂ ಖಾತೆಯಲ್ಲೇ ಬೇಕು. ಲೋಕಲ್ ಹೆಂಗಸರಿಗೆ ಮಾತ್ರ ಸಂತೆ ಖರ್ಚಿಗೆ ಕೈಗೆ ಕೊಡುತ್ತೇನೆ. ಚೀಲದಲ್ಲಿ ಹತ್ತು ಹದಿನೈದು ಸಾವಿರ ಇದ್ದರೆ ಯಾವ ಎಲ್‌ಜಿಯೂ ಬೇಡ.

ಆನೆಗೆ ಅಂತ ಇಟ್ಟಿದ್ದೀನಿ ಅನ್ನುವವರಿಗೆ ಇನ್ನೊಂದು ಮಾತು. ಹನ್ನೆರಡು ಬೋರಿನ ಚರೆ ಆನೆಗೆ ತುರಿಕೆ. ಗಾಯ ಮಾಡಿ ಬಿಟ್ಟರೆ ನಾಳೆ ಅದೇ ಆನೆ ಕೂಲಿಯವರ ಲೈನ್ ಮನೆಗಳ ಕಡೆ ಹೋಗಿ ಯಾರನ್ನು ತುಳಿಯುತ್ತೋ. ತಿರುವಿನಲ್ಲಿ ಆನೆ ಕಂಡರೆ ಗಾಡಿ ಇಳಿಯಬೇಡಿ, ಹಾರ್ನ್ ಹೊಡೆಯಬೇಡಿ, ನಿಧಾನಕ್ಕೆ ರಿವರ್ಸ್ ಬನ್ನಿ. ಅದಕ್ಕೇ ನಾನು ಗಾಡಿಯನ್ನು ಯಾವಾಗಲೂ ಮೂತಿ ಹೊರಕ್ಕೆ ಮಾಡಿ ನಿಲ್ಲಿಸೋದು, ಕೆಲಸದವರು ನಗುತ್ತಾರೆ, ನಗಲಿ. ಆನೆ ಎಲ್ಲಿದೆ ಅಂತ ಮೆಸೇಜ್ ಬರುವ ಗ್ರೂಪಿಗೆ ಮೊದಲು ಸೇರಿ. ಕೋವಿಗಿಂತ ಅದು ಜಾಸ್ತಿ ಜೀವ ಉಳಿಸಿದೆ ನಮ್ಮ ಕಡೆ.

ನಿಮಗೆ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ವಿನಾಯಿತಿ ಇದೆ, ಲೈಸೆನ್ಸ್ ತಾಪತ್ರಯ ಇಲ್ಲ ಅಂತ ಬರೆದಿದ್ದೀರಿ. ನಿಜ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೊಟ್ಟ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದ್ದಾರೆ. ಆದರೆ ಅದು ಲೈಸೆನ್ಸಿಗೆ ವಿನಾಯಿತಿ, ಬೇಜವಾಬ್ದಾರಿಗೆ ಅಲ್ಲ. 2019ರ ತಿದ್ದುಪಡಿಯಲ್ಲಿ ಆಯುಧ ಕಾಯ್ದೆಯ 25ನೇ ಸೆಕ್ಷನ್ನಿಗೆ ಹೊಸದೊಂದು ಸೇರಿಸಿದ್ದಾರೆ. ಜನರ ಜೀವಕ್ಕೆ ಅಪಾಯ ಆಗುವ ಹಾಗೆ ಅಜಾಗರೂಕತೆಯಿಂದ ಕೋವಿ ಬಳಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಮದುವೆ ಮನೆಯಲ್ಲಿ ಖುಷಿಗೆ ಹಾರಿಸುವುದೂ ಅದರಲ್ಲೇ ಬರುತ್ತದೆ. ನನ್ನ ಮೋರಿ ಕಥೆ ಇವತ್ತು ನಡೆದಿದ್ದರೆ, ರೈಟರ್ ಟೋಪಿ ಹಾಕಿಕೊಂಡು ಸುಮ್ಮನಾಗುವ ಬದಲು ದೂರು ಬರೆದಿದ್ದರೆ, ನನ್ನ ಗತಿ ಅಷ್ಟೆ. ನಮ್ಮಂಥ ಲೈಸೆನ್ಸಿನವರು ಜಿಲ್ಲೆಯ ಗಡಿಯ ಕೊಡ್ಲಿಪೇಟೆ ದಾಟುವ ಮುಂಚೆ ಲೈಸೆನ್ಸ್ ಪುಸ್ತಕದಲ್ಲಿ ಯಾವ ಪ್ರದೇಶಕ್ಕೆ ಅಂತ ಬರೆದಿದೆ ನೋಡಿಕೊಳ್ಳಿ. ಬೆಳೆ ರಕ್ಷಣೆಗೆ ಕೊಟ್ಟಿದ್ದನ್ನು ಬ್ಯಾಂಕಿಗೆ ಒಯ್ಯೋದು ಬೆಳೆ ರಕ್ಷಣೆ ಆಗಲ್ಲ.

ಆತ್ಮರಕ್ಷಣೆ ಹಕ್ಕು ಇದೆ ಅಂತ ಹಾರಾಡುವವರಿಗೆ: ಇದೆ. ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು. ಆದರೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವ ಹಾಗಿಲ್ಲ. ಚೀಲ ಕಿತ್ತುಕೊಂಡು ಓಡಿಹೋಗುವವನ ಬೆನ್ನಿಗೆ ಈಡು ಹೊಡೆದು ಆತ್ಮರಕ್ಷಣೆ ಅಂದರೆ ಕೋರ್ಟಿನಲ್ಲಿ ಎಷ್ಟು ವರ್ಷ ಅಲೆಯುತ್ತೀರೋ.

ಇನ್ನೊಂದು, ನಿಮ್ಮ ತಾಲೂಕಿನವರು ಜಾಸ್ತಿ ಮರೆಯೋದು. ಪುಷ್ಪಗಿರಿ ನಿಮ್ಮ ಪಕ್ಕದಲ್ಲೇ ಇದೆ. ವನ್ಯಜೀವಿ ಕಾಯ್ದೆ ಪ್ರಕಾರ ಅಭಯಾರಣ್ಯದೊಳಗೆ ಲಿಖಿತ ಅನುಮತಿ ಇಲ್ಲದೆ ಯಾವ ಆಯುಧವನ್ನೂ ಒಯ್ಯುವ ಹಾಗಿಲ್ಲ. ಹುಣಸೂರಿನಿಂದ ಕುಟ್ಟದ ಕಡೆ ನಾಗರಹೊಳೆ ಮಧ್ಯೆ ಹೋಗುವಾಗಲೂ ಅದೇ ಕಥೆ, ನ್ಯಾಷನಲ್ ಪಾರ್ಕಿಗೂ ಆ ನಿಯಮ ಅನ್ವಯಿಸುತ್ತದೆ. ರಾತ್ರಿ, ಜೀಪು, ದೊಡ್ಡ ಟಾರ್ಚು, ಲೋಡ್ ಆದ ಕೋವಿ. ಗಾರ್ಡ್ ಏನಂದುಕೊಳ್ಳಬೇಕು ಹೇಳಿ? ಬೇಟೆ ಕೇಸಿನಲ್ಲಿ ಬಳಸಿದ ಗಾಡಿಯೂ ಸರ್ಕಾರದ್ದಾಗುತ್ತದೆ. ಕ್ಯಾಂಪರಿನ ಕಂತು ಮಾತ್ರ ನಿಮ್ಮದೇ.

ಈಗ ನಾನು ಮಾಡೋದು. ಕೋವಿ ಒಯ್ಯಲೇಬೇಕಾದಾಗ, ಅಂದರೆ ರಿಪೇರಿಗೆ, ಇಲ್ಲ ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಲು, ಮೂರು ತುಂಡು ಮಾಡುತ್ತೇನೆ. ಮುಂದಿನ ಮರ ತೆಗೆ, ನಳಿಗೆ ಬಿಚ್ಚು, ಹಿಡಿ ಬೇರೆ. ಬಿಚ್ಚಿದ ಕೋವಿ ಯಾವ ಮೋರಿಯಲ್ಲೂ ಹಾರಲ್ಲ. ಜೋಡಿಸಲು ನನಗೆ ಅರ್ಧ ನಿಮಿಷ ಸಾಕು, ಕಣ್ಣು ಮುಚ್ಚಿಕೊಂಡೂ ಮಾಡುತ್ತೇನೆ. ಪೆಟ್ಟಿಗೆ ನಮ್ಮ ಬಡಗಿಯ ಕೈಲಿ ಸಿಲ್ವರ್ ಓಕ್ ಮರದಲ್ಲಿ ಮಾಡಿಸಿದ್ದು, ಒಳ ಉದ್ದ 31 ಇಂಚು, ಬೀಗ ಇದೆ, ಹಿಂದಿನ ಸೀಟಿನ ಕೆಳಗೆ ಬೋಲ್ಟ್ ಹಾಕಿದೆ. ತೋಟಾ ಬೇರೆ ಡಬ್ಬದಲ್ಲಿ, ಬೇರೆ ಬೀಗ. ಬೀಗದ ಕೈ ನನ್ನ ಸೊಂಟದಲ್ಲಿ. ನಿಮ್ಮದು .315 ರೈಫಲ್ ಆದರೆ ಹಿಂದಕ್ಕೆ ಎಳೆಯುವ ಅದರ ಬೋಲ್ಟ್ ತೆಗೆದು ಬೇರೆ ಇಡಿ. ಪಂಪ್ ಆ್ಯಕ್ಷನ್ ಇದ್ದವರು ಕೆಳಗಿನ ಕೊಳವೆಯಲ್ಲಿ ತೋಟಾ ಉಳಿದಿದೆಯಾ ಅಂತ ಬೆರಳು ಹಾಕಿ ನೋಡಬೇಕು. ಕಣ್ಣು ಮೋಸ ಮಾಡುತ್ತೆ.

ಪೆಟ್ಟಿಗೆಯಿಂದ ತುಕ್ಕಿನ ಮಾತಿಗೆ ಬಂದೆ ನೋಡಿ. ಮೊದಲು ಒಳಗೆ ಕಂಬಳಿ ಹಾಸಿದ್ದೆ. ಒಂದೇ ಮಳೆಗಾಲಕ್ಕೆ ನಳಿಗೆ ಮೇಲೆ ಕಂಬಳಿಯ ನೇಯ್ಗೆ ಅಚ್ಚು ಬಿದ್ದ ಹಾಗೆ ತುಕ್ಕು. ಉಣ್ಣೆ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತೆ. ಚರ್ಮದ ಚೀಲವೂ ಅಷ್ಟೆ, ನೋಡೋಕೆ ಚಂದ, ಮಳೆಗಾಲಕ್ಕೆ ಶತ್ರು. ಈಗ ಮಗಳ ಹಳೇ ಯೋಗ ಮ್ಯಾಟ್ ಕತ್ತರಿಸಿ ಹಾಸಿದ್ದೇನೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ತೆಗೆದು ಒರೆಸಬೇಕು, ಬೇರೆ ದಾರಿ ಇಲ್ಲ. ಡಬ್ಲ್ಯೂಡಿ-40 ಅಂತ ಎಂಟು ಜನ ಬರೆದಿದ್ದೀರಿ. ನೀರು ಓಡಿಸಲು ಅದು ಸರಿ, ಅದನ್ನೇ ಬಿಟ್ಟರೆ ಸಾಲದು. ಒರೆಸಿ ಮೇಲೆ ಕೋವಿ ಎಣ್ಣೆ ತೆಳ್ಳಗೆ ಸವರಿ. ತೆಂಗಿನೆಣ್ಣೆ ಅಂದವರು ದಯವಿಟ್ಟು ಅಡುಗೆಗೆ ಇಟ್ಟುಕೊಳ್ಳಿ, ಡಿಸೆಂಬರ್ ಚಳಿಗೆ ಲಾಕಿನೊಳಗೆ ಗಟ್ಟಿಯಾಗುತ್ತೆ.

ತೋಟಾ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ. ಕಾಗದದ ಹಳೇ ತೋಟಾ ಮಳೆಗಾಲದಲ್ಲಿ ಊದಿಕೊಂಡು ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತೆ. ನಾನು ಶಕ್ತಿಮಾನ್ ಹೆಸರಿನ ಪ್ಲಾಸ್ಟಿಕ್ ತೋಟಾನೇ ತರೋದು, ಡಬ್ಬದ ಮೇಲೆ ತಂದ ವರ್ಷ ಬರೆದಿಡುತ್ತೇನೆ. ಮಣ್ಣಿನ ಗೂಡು ಕಟ್ಟುವ ಕಣಜ ಗೊತ್ತಲ್ಲ? ನಳಿಗೆ ಬಾಯಿ ತೆರೆದಿದ್ದರೆ ಎರಡೇ ದಿನಕ್ಕೆ ಒಳಗೆ ಮನೆ ಕಟ್ಟುತ್ತೆ. ಹಾಗೇ ಈಡು ಹೊಡೆದರೆ ನಳಿಗೆ ಸೀಳುತ್ತದೆ, ನಳಿಗೆ ಹಿಡಿದ ಎಡಗೈಯೂ ಹೋಗುತ್ತದೆ. ಜೋಡಿಸುವ ಮುಂಚೆ ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಮ್ಮೆ ನೋಡಿ. ಮೂರು ತುಂಡು ಮಾಡೋದರಲ್ಲಿ ಇದೂ ಒಂದು ಲಾಭ, ನಳಿಗೆ ಕೈಯಲ್ಲಿ ಬಿಡಿಯಾಗಿರುತ್ತೆ, ಒಳಗೆ ನೋಡೋದು ಸುಲಭ.

ನಾಯಿ ಬಗ್ಗೆ ಯಾರೂ ಹೇಳಿಲ್ಲ. ನಿಮ್ಮ ಎರಡನೇ ಫೋಟೋದಲ್ಲಿ ಹಿಂದೆ ಒಂದು ಲ್ಯಾಬ್ರಡಾರ್ ಕೂತಿದೆ. ಕಾಡುಕೋಳಿ ಕೂಗಿದರೆ ಅದು ಸೀಟು ಹಾರಿ ಮುಂದೆ ಬರಲ್ಲವಾ? ಅದರ ಕಾಲಿಗೆ ಸೇಫ್ಟಿ ಯಾವುದು, ಟ್ರಿಗರ್ ಯಾವುದು?

ಕೊಡಗಿನ ಆಯುಧ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಅನ್ನೋ ಹೂ ಮುಡಿಸಿ ಪೂಜೆ ಮಾಡುವ ಊರಿನವರು ನೀವು, ಕೋವಿ ಮರ್ಯಾದೆ ನಾನು ಹೇಳಿಕೊಡಬೇಕಾಗಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಟೋಪಿ ನೆನಪಾಯಿತು, ಅದಕ್ಕೆ ಇಷ್ಟುದ್ದ ಬರೆದೆ. ಪೆಟ್ಟಿಗೆ ಅಳತೆ ಬೇಕಾದರೆ ನಾಳೆ ಬಿಡಿಸಿ ಹಾಕುತ್ತೇನೆ, ನಿಮ್ಮ ನಳಿಗೆ 30 ಇಂಚಿನದಾದರೆ ಎರಡು ಇಂಚು ಕೂಡಿಸಿ.

ಮತ್ತೆ ಆ ಫೋಟೋ ತೆಗೆದುಹಾಕಿ ಮಾರಾಯರೇ. ನಂಬರ್ ಪ್ಲೇಟು ಕಾಣುತ್ತಿದೆ, ಕೋವಿ ಎಲ್ಲಿಟ್ಟಿದ್ದೀರಿ ಅಂತ ಕಾಣುತ್ತಿದೆ, ದುಡ್ಡು ತರುವ ದಿನ ಯಾವುದು ಅಂತಲೂ ನೀವೇ ಬರೆದಿದ್ದೀರಿ.