ಭೂಮಿಯ ಒಡಲು ಹಿಂದಕ್ಕೆ ತಿರುಗುತ್ತಿದೆಯಾ?

ಕೆಜಿಎಫ್‌ನಿಂದ ಬಂದ ನಿಮ್ಮ ಪತ್ರ ಓದಿ ಖುಷಿಯಾಯಿತು. ‘ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರ್ ಕೆಳಗೆ ಇಳಿದವರು. ಅಲ್ಲೇ ಕಾವು ತಡೆಯೋಕೆ ಆಗ್ತಿರಲಿಲ್ಲ ಅಂತಿದ್ದರು. ಹಾಗಿರುವಾಗ ಭೂಮಿಯ ಒಳಗಿನ ಗುಂಡು ಹಿಂದಕ್ಕೆ ತಿರುಗುತ್ತಿದೆ ಎಂದು ಪೇಪರಿನಲ್ಲಿ ಬಂತಲ್ಲ, ಅದನ್ನು ಯಾರು ನೋಡಿದರು?’ ಎಂದು ಕೇಳಿದ್ದೀರಿ.

ಯಾರೂ ನೋಡಿಲ್ಲ. ಒಳ ಕೇಂದ್ರಗೋಳ ಶುರುವಾಗುವುದೇ ಸುಮಾರು 5150 ಕಿ.ಮೀ. ಆಳದಲ್ಲಿ. ಹೆಚ್ಚಾಗಿ ಕಬ್ಬಿಣದ ಗಟ್ಟಿ ಗುಂಡು ಅದು. ಸುತ್ತಲೂ ಕರಗಿದ ಲೋಹ. ಹಾಗಾಗಿ ತನ್ನ ಪಾಡಿಗೆ ತಿರುಗಲು ಅದಕ್ಕೆ ಅವಕಾಶವಿದೆ. ಅಲ್ಲಿಂದ ನಮಗೆ ಸುದ್ದಿ ತರುವುದು ಭೂಕಂಪದ ಅಲೆಗಳು. ಹಲಸಿನಹಣ್ಣನ್ನು ಕೊಯ್ಯದೆ ತಟ್ಟಿಯೇ ಹದ ತಿಳಿಯುತ್ತೇವಲ್ಲ, ಹಾಗೆ. ಈ ಗುಂಡು ಇದೆ ಎಂದು ಡೆನ್ಮಾರ್ಕಿನ ಇಂಗೆ ಲೆಹ್ಮನ್ 1936ರಲ್ಲಿ ಹೇಳಿದ್ದೂ 1929ರ ನ್ಯೂಜಿಲೆಂಡ್ ಭೂಕಂಪದ ದಾಖಲೆಗಳನ್ನು ಓದಿಯೇ.

ಅದು ತಿರುಗುವುದನ್ನು ಹಿಡಿದ ಉಪಾಯ ನನಗೆ ತುಂಬಾ ಇಷ್ಟ. ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಸ್ಯಾಂಡ್‌ವಿಚ್ ದ್ವೀಪಗಳ ಬಳಿ ಕೆಲವು ಭೂಕಂಪಗಳು ವರ್ಷಗಟ್ಟಲೆ ಬಿಟ್ಟು ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಮತ್ತೆ ಆಗುತ್ತವೆ. ಅವುಗಳ ಅಲೆ ಭೂಮಿಯೊಳಗೆ ಹಾದು ಅಲಾಸ್ಕಾ, ಕೆನಡಾದ ಮಾಪಕಗಳಿಗೆ ಬರುತ್ತದೆ. ಎರಡೂ ಸಲದ ಗೆರೆಗಳನ್ನು ಒಂದರ ಮೇಲೊಂದು ಇಡುತ್ತಾರೆ. ಗುಂಡಿಗೆ ತಾಗದೆ ಬಂದ ಅಲೆಯ ಏರಿಳಿತ ಹೆಚ್ಚುಕಡಿಮೆ ಒಂದೇ ಗೆರೆಯಾಗಿ ಕೂರುತ್ತದೆ. ಗುಂಡನ್ನು ಹಾದು ಬಂದದ್ದು ಮಾತ್ರ ಕೂರುವುದಿಲ್ಲ. ಒಂದು ಏರು ತುಸು ಮುಂದೆ, ಇನ್ನೊಂದರ ಆಕಾರವೇ ಬೇರೆ. ಗುಂಡಿನೊಳಗೆ ಎಲ್ಲ ಕಡೆ ಒಂದೇ ಥರ ಇಲ್ಲ. ಅದು ಜರುಗಿದರೆ ಅಲೆ ಬೇರೆ ಭಾಗವನ್ನು ಹಾದು ಬರುತ್ತದೆ, ಅಲ್ವಾ?

1996ರಲ್ಲಿ ಭೂಕಂಪ ವಿಜ್ಞಾನಿಗಳಾದ ಸಾಂಗ್ ಮತ್ತು ರಿಚರ್ಡ್ಸ್ ಮೂವತ್ತು ವರ್ಷಗಳ ದಾಖಲೆ ನೋಡಿ, ಅಲೆ ಸುಮಾರು 0.3 ಸೆಕೆಂಡ್ ಬೇಗ ಬರುತ್ತಿದೆ, ಅಂದರೆ ಗುಂಡು ನಮಗಿಂತ ತುಸು ಜೋರಾಗಿ ತಿರುಗುತ್ತಿದೆ ಎಂದರು. 2024ರಲ್ಲಿ ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳು 1991ರಿಂದ 2023ರವರೆಗಿನ ಇಂಥ 121 ಭೂಕಂಪಗಳನ್ನು ಹೋಲಿಸಿದರು. 2008ರ ನಂತರದ ಕೆಲವು ಗೆರೆಗಳು ಅದಕ್ಕೂ ಹಿಂದಿನ ಗೆರೆಗಳ ಮೇಲೆ ಸರಿಯಾಗಿ ಕೂತವು. ಗುಂಡು ಹಳೆಯ ಜಾಗಕ್ಕೆ ಮರಳಿತ್ತು!

ಪೇಪರಿನ ‘ಹಿಂದಕ್ಕೆ’ ಎಂದರೆ ಇಷ್ಟೇ. ಗುಂಡು ಈಗಲೂ ನಾವು ತಿರುಗುವ ದಿಕ್ಕಿಗೇ ತಿರುಗುತ್ತಿದೆ, ನಮಗಿಂತ ತುಸು ನಿಧಾನವಾಗಿ. ಆವನಿ ಜಾತ್ರೆಗೆ ಜೊತೆಯಲ್ಲಿ ನಡೆದು ಹೊರಟ ಹುಡುಗ ಹಿಂದೆ ಬಿದ್ದರೆ, ವಾಪಸ್ ಮನೆಗೆ ಹೊರಟ ಅಂತೀವಾ? ತಲೆಬರಹದಲ್ಲೇ ಇದನ್ನು ಹೇಳಬೇಕಿತ್ತು. ಸುಮ್ನೆ ಜನ ಹೆದರಿದರು. ಗುಂಡಿನ ಮೇಲ್ಮೈ ಕೂಡ ಬದಲಾಗುತ್ತಿರಬಹುದು ಎಂಬ ವಾದವೂ ಇದೆ, ಚರ್ಚೆ ಮುಗಿದಿಲ್ಲ.

ನಿಮ್ಮ ಪಕ್ಕದ ಜಿಲ್ಲೆಯ ಗೌರಿಬಿದನೂರಿನಲ್ಲೂ 1965ರಲ್ಲಿ ಭೂಕಂಪ ಮಾಪಕಗಳ ಸಾಲು ಹಾಕಿದರು. ದೂರದ ಅಣುಬಾಂಬ್ ಪರೀಕ್ಷೆಗಳ ಕಂಪನ ಹಿಡಿಯುವುದು ಅದರ ಕೆಲಸ. ಅಂದಹಾಗೆ, ಕೆಜಿಎಫ್ ಗಣಿಯೊಳಗೆ ಬಂಡೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದವು. ಅದರ ಬಗ್ಗೆ ತಾತ ಹೇಳಿದ್ದು ನೆನಪಿದ್ದರೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

– ಸಂಪಾದಕ