ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಮೊಸರು ಹೆಪ್ಪಾಗುವುದಿಲ್ಲ. ಸ್ಲೋ ಕುಕ್ಕರ್‌ನಲ್ಲಿ (ಕಡಿಮೆ ಕಾವಿನಲ್ಲಿ ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆ) ಮಾಡಬಹುದೇ?

ಖಂಡಿತ ಮಾಡಬಹುದು, ಆದರೆ ಹೆಪ್ಪು ಹಾಕಿದ ಮೇಲೆ ಕುಕ್ಕರ್ ಆಫ್ ಆಗಿರಬೇಕು. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಆ ಹುಳಿಗೆ ಹಾಲಿನ ಪ್ರೋಟೀನ್ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತದೆ. ಸುಮಾರು 40–45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಕೆಲಸ ಚುರುಕು. ಜಡಿಮಳೆಯ ಥಂಡಿಯಲ್ಲಿ ಅವು ಮಂಕಾಗುತ್ತವೆ, ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇರುತ್ತದೆ.

ಕಾಯಿಸಿದ ಹಾಲು, ಬೆರಳು ಅದ್ದಿದರೆ ಹಿತವಾದ ಬಿಸಿ ಅನ್ನಿಸುವಷ್ಟು ಆರಲಿ. ಲೀಟರಿಗೆ ಒಂದು ದೊಡ್ಡ ಚಮಚ ಹೆಪ್ಪು ಕದಡಿ, ಮೊದಲೇ ತುಸು ಬೆಚ್ಚಗಾಗಿಸಿ ಆಫ್ ಮಾಡಿಟ್ಟ ಕುಕ್ಕರ್‌ಗೆ ಸುರಿದು, ಮುಚ್ಚಿ, ದಪ್ಪ ಟವೆಲ್ ಸುತ್ತಿ. ಆರೆಂಟು ಗಂಟೆ ಅಲುಗಾಡಿಸಬೇಡಿ. ಕುಕ್ಕರ್‌ನ ‘ವಾರ್ಮ್’ (ಬೆಚ್ಚಗಿಡುವ) ಸೆಟ್ಟಿಂಗ್‌ನಲ್ಲಂತೂ ಬಿಡಲೇಬೇಡಿ, ಆ ಕಾವು ಸಾಮಾನ್ಯವಾಗಿ 60 ಡಿಗ್ರಿ ದಾಟುತ್ತದೆ, ಹೆಪ್ಪೇ ಸತ್ತುಹೋಗುತ್ತದೆ.